ಕಾಕಾನೂ ಅಂಕಲ್, ಮಾವನೂ ಅಂಕಲ್: ಮನೆಮಂದಿಯ ಬಗ್ಗೆ ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?

‘ಟೆಲ್ ಮಿ ಅಬೌಟ್ ಯುವರ್ ಫ್ಯಾಮಿಲಿ.’ ಬೆಳಗಾವಿಯ ಕಾಲೇಜಿನಲ್ಲಿ ಕ್ಯಾಂಪಸ್ ಸಂದರ್ಶನವಿರಲಿ, ಬಾಗಲಕೋಟೆಯ ನವನಗರದಲ್ಲಿ ಮಗನನ್ನು ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸುವ ದಿನವಿರಲಿ, ವಿಜಯಪುರದ ಗೋಲಗುಮ್ಮಟದ ಮುಂದೆ ಪ್ರವಾಸಿಯೊಬ್ಬರ ಜೊತೆ ಮಾತಿಗೆ ನಿಂತ ಹೊತ್ತಿರಲಿ, ಈ ಪ್ರಶ್ನೆ ಬಂದೇ ಬರುತ್ತದೆ. ಕೇಳೋಕೆ ಸಣ್ಣದು. ಉತ್ತರ ಕೊಡಲು ಹೋದರೆ ನಾಲಿಗೆ ತೊಡರುತ್ತದೆ. ನಮ್ಮ ಅಪ್ಪ ಅವ್ವನ ಬಗ್ಗೆ ನಮಗಿಂತ ಜಾಸ್ತಿ ಯಾರಿಗೆ ಗೊತ್ತು? ಆದರೂ ‘ಮೈ ಫಾದರ್...’ ಅಂದಮೇಲೆ ಮಾತು ಅಲ್ಲೇ ನಿಂತುಬಿಡುತ್ತದೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಶುರು ಮಾಡಿದ್ದು 2007-08ರಲ್ಲಿ. ಅದಕ್ಕೂ ಮೊದಲು ಕನ್ನಡ ಶಾಲೆಯಲ್ಲಿ ಓದಿದವರಿಗೆ ಎ, ಬಿ, ಸಿ, ಡಿ ಶುರುವಾಗುತ್ತಿದ್ದುದೇ ಐದನೇ ತರಗತಿಯಲ್ಲಿ. ಆ ತಲೆಮಾರಿನ ಎಷ್ಟೋ ಜನರ ಮಕ್ಕಳು ಈಗ ಇಂಗ್ಲಿಷ್ ಮೀಡಿಯಂನಲ್ಲಿದ್ದಾರೆ. ‘ಮೈ ಫ್ಯಾಮಿಲಿ’ ಅಂತ ಹತ್ತು ಸಾಲು ಬರೆದುಕೊಂಡು ಬಾ ಅಂತ ಟೀಚರ್ ಹೇಳಿದರೆ, ಮಗು ನೋಟ್‌ಬುಕ್ ಹಿಡಿದು ಬಂದು ಕೂರುವುದು ಅವ್ವನ ಮುಂದೆಯೇ ಅಲ್ವಾ?

ಯುರೋಪ್ ಕೌನ್ಸಿಲ್ 2001ರಲ್ಲಿ ಭಾಷೆ ಕಲಿಯುವವರಿಗಾಗಿ ಒಂದು ಅಳತೆಗೋಲು ಪ್ರಕಟಿಸಿತು. ಅದರಲ್ಲಿ 6 ಮಟ್ಟಗಳಿವೆ, ಕೆಳಗಿನದು ಎ1, ಮೇಲಿನದು ಸಿ2. ತಾನಿರುವ ಊರು, ತನಗೆ ಗೊತ್ತಿರುವ ಜನ, ಇಷ್ಟರ ಬಗ್ಗೆ ಸರಳ ವಾಕ್ಯಗಳಲ್ಲಿ ಹೇಳಲು ಬರಬೇಕು ಅನ್ನುವುದು ಎ1ರಲ್ಲೇ ಇದೆ. ಅಂದರೆ ಇದು ಮೊದಲ ಮೆಟ್ಟಿಲಿನ ಪಾಠ. ಹಾಗಿದ್ದರೂ ಕನ್ನಡದವರಿಗೆ ಇಲ್ಲೇ ಎಡವುವ ಜಾಗಗಳು ಕೆಲವಿವೆ. ಅವು ಎಲ್ಲಿವೆ, ಯಾಕಿವೆ ಅಂತ ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಒಂದು ಅಂಕಲ್, ನಾಲ್ಕು ಸಂಬಂಧ

ಅಪ್ಪನ ತಮ್ಮ ಕಾಕಾ. ಅಪ್ಪನ ಅಣ್ಣ ದೊಡ್ಡಪ್ಪ. ಅವ್ವನ ಅಣ್ಣ, ತಮ್ಮ ಇಬ್ಬರೂ ಸೋದರಮಾವ. ಅಪ್ಪನ ಅಕ್ಕ ತಂಗಿಯರ ಗಂಡಂದಿರೂ ಮಾವ. ಇಂಗ್ಲಿಷಿನಲ್ಲಿ ಇವರೆಲ್ಲ ‘ಅಂಕಲ್’. ಕಾಕು, ಚಿಗವ್ವ, ದೊಡ್ಡವ್ವ, ಅತ್ತಿ ಇವರೆಲ್ಲ ‘ಆಂಟಿ’. ಈ ಎಲ್ಲರ ಮಕ್ಕಳು, ಗಂಡಿರಲಿ ಹೆಣ್ಣಿರಲಿ, ‘ಕಸಿನ್’.

ಇದನ್ನು ಕೇಳಿದ ನಮ್ಮ ಕಡೆಯ ಹಿರಿಯರು ನಗುತ್ತಾರೆ. ‘ಅಲ್ಲೋ, ಮಾವನ ಮಗಳನ್ನೂ ಕಾಕಾನ ಮಗಳನ್ನೂ ಒಂದಾ ಹೆಸರಿಂದ ಕರದರ ಹೆಂಗ?’ ಅವರ ಪ್ರಶ್ನೆಯಲ್ಲೇ ಕಾರಣವೂ ಇದೆ. ನಮ್ಮಲ್ಲಿ ಕಾಕಾನ ಮಗಳು ತಂಗಿ. ಸೋದರಮಾವನ ಮಗಳನ್ನು ಮದುವೆಯಾಗುವ ರೂಢಿ ಇದೆ. ಯಾರ ಜೊತೆ ಬೀಗತನ ಮಾಡಬಹುದು, ಯಾರ ಜೊತೆ ಕೂಡದು ಅನ್ನುವುದನ್ನು ಹೆಸರೇ ಹೇಳಿಬಿಡಬೇಕಿತ್ತು. ಹಾಗಾಗಿ ಹೆಸರುಗಳು ಬೇರೆ ಬೇರೆಯಾದವು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಈ ಏರ್ಪಾಡು ಒಂದೇ ಬಗೆಯದು. ಲೂಯಿಸ್ ಹೆನ್ರಿ ಮಾರ್ಗನ್ ಎಂಬ ಅಮೆರಿಕದ ವಿದ್ವಾಂಸ 1871ರಲ್ಲಿ ಜಗತ್ತಿನ ಹಲವು ಭಾಷೆಗಳ ಸಂಬಂಧದ ಹೆಸರುಗಳನ್ನು ಪಟ್ಟಿ ಮಾಡಿ ಪ್ರಕಟಿಸಿದಾಗ ಅದರಲ್ಲಿ ಈ ಮೂರೂ ಭಾಷೆಗಳಿದ್ದವು.

ಇಂಗ್ಲಿಷೂ ಮೊದಲಿನಿಂದ ಹೀಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಸೋದರಮಾವನಿಗೆ ಒಂದು ಹೆಸರು, ಅಪ್ಪನ ಅಣ್ಣತಮ್ಮಂದಿರಿಗೆ ಇನ್ನೊಂದು ಹೆಸರು ಇತ್ತು. ಅತ್ತೆ ಬೇರೆ, ಚಿಗವ್ವ ಬೇರೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಮಾತು ಅರಮನೆಯಿಂದ ಮನೆಗಳಿಗೂ ಇಳಿಯಿತು. ಅಂಕಲ್, ಆಂಟ್, ಕಸಿನ್ ಮೂರೂ ಆ ದಾರಿಯಲ್ಲಿ ಬಂದವು. ಹಳೆಯ ಹೆಸರುಗಳು ನಿಧಾನವಾಗಿ ಮರೆತುಹೋದವು.

ನಮ್ಮ ಸಂಬಂಧದ ಹೆಸರು ಬುತ್ತಿ ಗಂಟಿನ ಹಾಗೆ. ರೊಟ್ಟಿ, ಪಲ್ಯ, ಚಟ್ನಿ ಎಲ್ಲ ಒಂದೇ ಅರಿವೆಯಲ್ಲಿ ಕಟ್ಟಿರುತ್ತದೆ. ‘ಕಾಕಾ’ ಅಂದರೆ ಗಂಡಸು, ಅಪ್ಪನ ಕಡೆ, ಅಪ್ಪನಿಗಿಂತ ಸಣ್ಣವ, ಇಷ್ಟೂ ಒಟ್ಟಿಗೆ ಬಂತು. ಇಂಗ್ಲಿಷಿನಲ್ಲಿ ಗಂಟು ಬಿಚ್ಚಿ ಒಂದೊಂದಾಗಿ ಬಡಿಸಬೇಕು. ‘ಮೈ ಫಾದರ್ಸ್ ಯಂಗರ್ ಬ್ರದರ್’ ಅಂದರೆ ಕಾಕಾ. ‘ಮೈ ಮದರ್ಸ್ ಬ್ರದರ್’ ಅಂದರೆ ಸೋದರಮಾವ. ‘ಮೈ ಮದರ್ಸ್ ಯಂಗರ್ ಸಿಸ್ಟರ್’ ಅಂದರೆ ಚಿಗವ್ವ. ಇಲ್ಲಿ ಖುಷಿಯ ಸಂಗತಿ ಒಂದಿದೆ. ‘ನನ್ನ ತಾಯಿಯ ತಂಗಿ’ ಅನ್ನುವ ಸಾಲಿನ ಕ್ರಮವೇ ಇಂಗ್ಲಿಷಿಗೂ ನಡೆಯುತ್ತದೆ. ತಾಯಿ ‘ಯ’ ಅನ್ನುವ ಜಾಗದಲ್ಲಿ ಮದರ್‌ಗೆ ಒಂದು ‘ಸ್’ ಸೇರಿಸಿದರೆ ಆಯ್ತು. ಬರೆಯುವಾಗ ಆ ‘ಸ್’ ಬರುವ ಮೊದಲು ಮೇಲುಗಡೆ ಸಣ್ಣ ಗೆರೆ ಬೇಕು.

ಆದರೆ ಪ್ರತಿಸಲ ಇಷ್ಟು ಬಿಡಿಸಬೇಕಾಗಿಲ್ಲ. ಕೇಳುವವರಿಗೆ ನಿಮ್ಮ ವಂಶವೃಕ್ಷ ಬೇಕಿಲ್ಲ. ‘ಮೈ ಅಂಕಲ್ ಲಿವ್ಸ್ ಇನ್ ಗೋಕಾಕ್’ ಅಂದರೆ ಸಾಕು. ಯಾವ ಕಡೆಯವರು ಅನ್ನುವುದು ಮಾತಿಗೆ ಬೇಕಾದರೆ ಮಾತ್ರ ‘ಆನ್ ಮೈ ಮದರ್ಸ್ ಸೈಡ್’ ಅಂತ ಸೇರಿಸಿ.

‘ಕಸಿನ್ ಬ್ರದರ್’, ‘ಕಸಿನ್ ಸಿಸ್ಟರ್’ ನಮ್ಮ ದೇಶದಲ್ಲಿ ಎಲ್ಲರಿಗೂ ಅರ್ಥವಾಗುತ್ತವೆ. ಹೊರಗಿನವರಿಗೆ ವಿಚಿತ್ರವಾಗಿ ಕೇಳಿಸುತ್ತದೆ. ಅಲ್ಲಿ ಬರೀ ‘ಕಸಿನ್’. ಗಂಡೋ ಹೆಣ್ಣೋ ಅನ್ನುವುದು ಮುಂದಿನ ವಾಕ್ಯದಲ್ಲಿ ‘ಹಿ’ ಅಥವಾ ‘ಶಿ’ ಬಂದಾಗ ತಾನಾಗಿ ತಿಳಿಯುತ್ತದೆ.

ಬೀಗರು, ನೆಗೆಣ್ಣಿ, ಷಡ್ಡಕ

ಮದುವೆಯಿಂದ ಬಂದ ಸಂಬಂಧಕ್ಕೆ ಇಂಗ್ಲಿಷಿನಲ್ಲಿ ‘ಇನ್ ಲಾ’ ಅನ್ನುವ ಬಾಲ ಸೇರುತ್ತದೆ. ಅತ್ತೆ ‘ಮದರ್ ಇನ್ ಲಾ’, ಮಾವ ‘ಫಾದರ್ ಇನ್ ಲಾ’, ಸೊಸೆ ‘ಡಾಟರ್ ಇನ್ ಲಾ’, ಅಳಿಯ ‘ಸನ್ ಇನ್ ಲಾ’. ಸಂಬಂಧದ ನಡುವೆ ಕಾನೂನು ಎಲ್ಲಿಂದ ಬಂತು ಅಂತ ಅನಿಸಬಹುದು. ಇದು ಕೋರ್ಟಿನ ಕಾನೂನಲ್ಲ, ಚರ್ಚಿನದು. ಯಾರು ಯಾರನ್ನು ಮದುವೆಯಾಗಬಾರದು ಅಂತ ಚರ್ಚ್ ನಿಯಮ ಮಾಡಿತ್ತು. ಹೆಂಡತಿಯ ತಂಗಿ ರಕ್ತಸಂಬಂಧಿ ಅಲ್ಲದಿದ್ದರೂ ಆ ನಿಯಮದ ಲೆಕ್ಕದಲ್ಲಿ ತಂಗಿಯೇ. ಆ ಲೆಕ್ಕವೇ ಹೆಸರಾಗಿ ಉಳಿದಿದೆ.

ಮೈದುನ, ಭಾವ, ಷಡ್ಡಕ ಎಲ್ಲರೂ ‘ಬ್ರದರ್ ಇನ್ ಲಾ’. ನಾದಿನಿ, ವೈನಿ, ನೆಗೆಣ್ಣಿ ಎಲ್ಲರೂ ‘ಸಿಸ್ಟರ್ ಇನ್ ಲಾ’. ಷಡ್ಡಕನಿಗೆ ‘ಕೋ ಬ್ರದರ್’, ನೆಗೆಣ್ಣಿಗೆ ‘ಕೋ ಸಿಸ್ಟರ್’ ಅಂತ ದಕ್ಷಿಣ ಭಾರತದಲ್ಲಿ ಹೇಳುತ್ತಾರೆ. ಬೆಂಗಳೂರಿನ ಆಫೀಸಿನಲ್ಲಿ ಇದು ನಡೆದೀತು. ಲಂಡನ್ನಿನವರಿಗೆ ತಿಳಿಯುವುದಿಲ್ಲ. ಇನ್ನು ಬೀಗರು? ದಿನಬಳಕೆಯ ಇಂಗ್ಲಿಷಿನಲ್ಲಿ ಅವರಿಗೆ ಹೆಸರೇ ಇಲ್ಲ. ‘ಮೈ ಡಾಟರ್ಸ್ ಇನ್ ಲಾಸ್’ ಅಂದರೆ ಮಗಳ ಅತ್ತೆ ಮಾವ ಅಂತ ತಿಳಿಯುತ್ತದೆ. ಬೀಗರಿಗೆ ಮಾಡುವ ಉಪಚಾರ ಆ ಎರಡು ಮೂರು ಪದಗಳಲ್ಲಿ ಬರುವುದಿಲ್ಲ, ಬಿಡಿ.

ಅಪ್ಪನಿಗೆ ‘ಹಿ’ ಅನ್ನಬಹುದಾ?

ಇಲ್ಲಿ ನಮ್ಮವರಿಗೆ ನಿಜವಾದ ಸಂಕೋಚವಿದೆ. ‘ಹಿ’ ಅಂದರೆ ‘ಅವನು’ ಅಂತ ಶಾಲೆಯಲ್ಲಿ ಕಲಿತಿರುತ್ತೇವೆ. ಅಪ್ಪನನ್ನು, ಗಂಡನನ್ನು, ಗುರುಗಳನ್ನು ‘ಅವನು’ ಅನ್ನೋಕೆ ಬಾಯಿ ಬರುವುದಿಲ್ಲ. ಮರ್ಯಾದೆ ಉಳಿಸಲು ಹೋಗಿ ‘ಮೈ ಫಾದರ್ ಈಸ್ ಇನ್ ಬಾದಾಮಿ, ದೇ ಆರ್ ಕಮಿಂಗ್ ಟುಮಾರೋ’ ಅಂದುಬಿಡುತ್ತೇವೆ. ಕೇಳಿದವರು ನಾಳೆ ಯಾರ್ಯಾರೋ ಬರುತ್ತಾರೆ ಅಂತ ತಿಳಿದುಕೊಳ್ಳುತ್ತಾರೆ.

ಕನ್ನಡದ ‘ಅವರು’ ಮರ್ಯಾದೆಯನ್ನು ತೋರಿಸುತ್ತದೆ, ಗಂಡೋ ಹೆಣ್ಣೋ ಅನ್ನುವುದನ್ನು ತೋರಿಸುವುದಿಲ್ಲ. ಇಂಗ್ಲಿಷಿನ ‘ಹಿ’, ‘ಶಿ’ ಇದಕ್ಕೆ ಉಲ್ಟಾ. ಗಂಡೋ ಹೆಣ್ಣೋ ಹೇಳುತ್ತವೆ, ಮರ್ಯಾದೆಯ ಗೊಡವೆಗೇ ಹೋಗುವುದಿಲ್ಲ. ಹಾಗಾಗಿ ‘ಹಿ’ ಅನ್ನುವುದು ‘ಅವನು’ ಕೂಡ ಹೌದು, ‘ಅವರು’ ಕೂಡ ಹೌದು. ರಾಷ್ಟ್ರಪತಿಯಾದರೂ ಅಷ್ಟೇ, ಎರಡು ವರ್ಷದ ಕೂಸಾದರೂ ಅಷ್ಟೇ. ಅಪ್ಪನಿಗೆ ಧೈರ್ಯವಾಗಿ ‘ಹಿ’ ಅನ್ನಿ.

ನಾವು ಅವ್ವನ ಬಗ್ಗೆ ಮಾತಾಡುತ್ತ ನಡುವೆ ‘ಹಿ’ ಅಂದುಬಿಡುವುದಕ್ಕೂ ಈ ‘ಅವರು’ ಒಂದು ಕಾರಣ ಇರಬಹುದು. ತಲೆಯಲ್ಲಿ ‘ಅವರು’ ಅಂತಲೇ ಓಡುತ್ತಿದ್ದರೆ ಗಂಡೋ ಹೆಣ್ಣೋ ಅನ್ನುವ ನೆನಪೇ ಇರುವುದಿಲ್ಲ. ಒಬ್ಬರ ಬಗ್ಗೆ ಶುರು ಮಾಡುವ ಮೊದಲೇ ಇವರು ‘ಶಿ’ ಅಂತ ಒಂದು ಸಲ ಮನಸ್ಸಿನಲ್ಲಿ ಅಂದುಕೊಂಡರೆ ತಪ್ಪು ಕಡಿಮೆಯಾಗುತ್ತದೆ.

‘ನಮ್ಮಪ್ಪ’, ‘ನಮ್ಮವ್ವ’ ಅನ್ನುವುದನ್ನು ‘ಅವರ್ ಫಾದರ್’ ಮಾಡಬೇಡಿ. ಕ್ರೈಸ್ತರ ಪ್ರಾರ್ಥನೆ ಶುರುವಾಗುವುದು ಹಾಗೆ. ಜೊತೆಗೆ ಅಣ್ಣನೋ ತಂಗಿಯೋ ನಿಂತಿಲ್ಲದಿದ್ದರೆ ‘ಮೈ ಫಾದರ್’ ಅನ್ನುವುದೇ ಸರಿ. ‘ನಮ್ಮ ಮನೆಯವರು’ ಅನ್ನುವುದಕ್ಕೂ ಹಾಗೇ, ‘ಮೈ ಹಸ್ಬೆಂಡ್’, ‘ಮೈ ವೈಫ್’.

‘ಈಸ್’ ಎಲ್ಲಿ, ‘ಹ್ಯಾಸ್’ ಎಲ್ಲಿ?

‘ನಮ್ಮಪ್ಪ ರೈತ.’ ವಾಕ್ಯ ಮುಗಿಯಿತು, ಇದರಲ್ಲಿ ಕ್ರಿಯಾಪದವೇ ಇಲ್ಲ. ಇಂಗ್ಲಿಷ್ ವಾಕ್ಯಕ್ಕೆ ಕ್ರಿಯಾಪದ ಬೇಕೇ ಬೇಕು. ಅದಕ್ಕೇ ‘ಮೈ ಫಾದರ್ ಈಸ್ ಎ ಫಾರ್ಮರ್’. ಕೆಲಸದ ಹೆಸರಿನ ಹಿಂದೆ ‘ಎ’ ಕೂಡ ಬೇಕು. ಮುಂದಿನ ಪದ ಸ್ವರದಿಂದ ಶುರುವಾದರೆ ‘ಆನ್’: ‘ಆನ್ ಎಲೆಕ್ಟ್ರಿಷಿಯನ್’.

ಈ ‘ಈಸ್’ ಬಿಟ್ಟಿದ್ದಕ್ಕೆ ಬೈಸಿಕೊಂಡವರು ಆಮೇಲೆ ಅದನ್ನು ಎಲ್ಲ ಕಡೆ ಹಾಕಲು ಶುರು ಮಾಡುತ್ತಾರೆ. ‘ಮೈ ಬ್ರದರ್ ಈಸ್ ವರ್ಕ್ ಇನ್ ಪುಣೆ.’ ಹೀಗಲ್ಲ. ಆತ ಯಾರು, ಹೇಗಿದ್ದಾನೆ ಅಂತ ಹೇಳುವಾಗ ‘ಈಸ್’. ಏನು ಮಾಡುತ್ತಾನೆ ಅಂತ ಹೇಳುವಾಗ ಆ ಕೆಲಸದ ಪದವೇ ಕ್ರಿಯಾಪದ, ಅದಕ್ಕೆ ಒಂದು ‘ಸ್’ ಸಾಕು: ‘ಮೈ ಬ್ರದರ್ ವರ್ಕ್ಸ್ ಇನ್ ಪುಣೆ’, ‘ಹಿ ಡ್ರೈವ್ಸ್ ಎ ಬಸ್’. ಈ ‘ಸ್’ ಒಬ್ಬರ ಬಗ್ಗೆ ಹೇಳುವಾಗ ಮಾತ್ರ. ಇಬ್ಬರಾದರೆ ಬಿದ್ದುಹೋಗುತ್ತದೆ: ‘ಮೈ ಬ್ರದರ್ಸ್ ವರ್ಕ್ ಇನ್ ಪುಣೆ’.

‘ನನಗೆ ಇಬ್ಬರು ತಂಗಿಯರಿದ್ದಾರೆ’ ಅನ್ನುವುದನ್ನು ಪದಕ್ಕೆ ಪದ ಇಟ್ಟರೆ ‘ಫಾರ್ ಮಿ ಟೂ ಸಿಸ್ಟರ್ಸ್ ಆರ್ ದೇರ್’ ಆಗುತ್ತದೆ. ಇಂಗ್ಲಿಷಿನವರು ಸಂಬಂಧಿಕರನ್ನೂ ಹೊಲ ಮನೆಯ ಹಾಗೆ ‘ಹೊಂದಿರುತ್ತಾರೆ’: ‘ಐ ಹ್ಯಾವ್ ಟೂ ಸಿಸ್ಟರ್ಸ್’, ‘ಶಿ ಹ್ಯಾಸ್ ತ್ರೀ ಬ್ರದರ್ಸ್’. ‘ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’ ಬೇಡ. ‘ಹ್ಯಾವಿಂಗ್’ ಅಂದರೆ ಈ ಹೊತ್ತಿನಲ್ಲಿ ನಡೆಯುತ್ತಿರುವುದು, ಊಟ ಮಾಡುತ್ತಿರುವ ಹಾಗೆ. ವಯಸ್ಸಿಗೆ ಮಾತ್ರ ‘ಈಸ್’: ‘ಮೈ ಸನ್ ಈಸ್ ಟೆನ್’.

ಮನೆಯಲ್ಲಿ ಎಷ್ಟು ಜನ ಅನ್ನುವುದಕ್ಕೆ ‘ದೇರ್ ಆರ್ ಫೈವ್ ಪೀಪಲ್ ಇನ್ ಮೈ ಫ್ಯಾಮಿಲಿ’. ಒಂದು ಎಚ್ಚರ: ಇಂಗ್ಲಿಷ್ ದೇಶಗಳಲ್ಲಿ ‘ಫ್ಯಾಮಿಲಿ’ ಅಂದರೆ ಹೆಚ್ಚಾಗಿ ಗಂಡ, ಹೆಂಡತಿ, ಮಕ್ಕಳು. ಕಾಕಾ ಕಾಕು ಅಜ್ಜ ಎಲ್ಲ ಸೇರಿ ಹನ್ನೆರಡು ಮಂದಿ ಅಂದರೆ ಅವರು ಹುಬ್ಬೇರಿಸಿಯಾರು. ‘ವಿ ಲಿವ್ ಇನ್ ಎ ಜಾಯಿಂಟ್ ಫ್ಯಾಮಿಲಿ. ಮೈ ಗ್ರ್ಯಾಂಡ್‌ಫಾದರ್ ಅಂಡ್ ಮೈ ಅಂಕಲ್ಸ್ ಫ್ಯಾಮಿಲಿ ಲಿವ್ ವಿತ್ ಅಸ್’ ಅಂತ ಬಿಡಿಸಿ ಹೇಳಿದರೆ ತಿಳಿಯುತ್ತದೆ.

‘ಅಕ್ಕನ್ನ ಜಮಖಂಡಿಗೆ ಕೊಟ್ಟೀವಿ’ ಅನ್ನುವುದು ನಮ್ಮಲ್ಲಿ ದಿನಾ ಆಡುವ ಮಾತು. ಇದನ್ನು ‘ಗಿವನ್’ ಅಂತ ಹೇಳಿದರೆ ಅಕ್ಕ ಪಾರ್ಸಲ್ ಆಗಿಬಿಡುತ್ತಾಳೆ. ‘ಮೈ ಸಿಸ್ಟರ್ ಈಸ್ ಮ್ಯಾರಿಡ್. ಶಿ ಲಿವ್ಸ್ ಇನ್ ಜಮಖಂಡಿ.’ ಯಾರನ್ನು ಅಂತ ಹೇಳಬೇಕಾದರೆ ‘ಮ್ಯಾರಿಡ್ ಟು’. ‘ಮ್ಯಾರಿಡ್ ವಿತ್’ ಅಲ್ಲ.

ತೀರಿಕೊಂಡವರ ಬಗ್ಗೆ ‘ಎಕ್ಸ್‌ಪೈರ್ಡ್’ ಅನ್ನುವುದು ನಮ್ಮ ಕಡೆ ಬಹಳ ರೂಢಿ. ಹೊರಗಿನವರಿಗೆ ಅದು ಔಷಧಿ ಬಾಟಲಿಯ ತಾರೀಖಿನಂತೆ ಕೇಳುತ್ತದೆ. ‘ಮೈ ಫಾದರ್ ಪಾಸ್ಡ್ ಅವೇ ಇನ್ 2019’ ಅಂತ ಹೇಳುವುದು ಮೆತ್ತಗಿನ ಮಾತು. ಅಲ್ಲಿಂದ ಮುಂದೆ ಎಲ್ಲವೂ ‘ವಾಸ್’: ‘ಹಿ ವಾಸ್ ಎ ಟೀಚರ್’.

ಮೂರು ಪ್ರಶ್ನೆ, ಮೂರರಲ್ಲೂ ‘ಲೈಕ್’

ಸಂದರ್ಶನದಲ್ಲಿ ಜಾಸ್ತಿ ಜನ ಜಾರುವ ಜಾಗ ಇದು. ಕೇಳೋಕೆ ಮೂರೂ ಹತ್ತಿರ ಹತ್ತಿರ, ಉತ್ತರ ಮಾತ್ರ ಬೇರೆ ಬೇರೆ.

‘ವಾಟ್ ಡಸ್ ಯುವರ್ ಮದರ್ ಲೈಕ್?’ ಅವ್ವನಿಗೆ ಏನು ಇಷ್ಟ? ಉತ್ತರ: ‘ಶಿ ಲೈಕ್ಸ್ ಟೀ’, ‘ಶಿ ಲೈಕ್ಸ್ ಸಿಂಗಿಂಗ್’.

‘ವಾಟ್ ಡಸ್ ಯುವರ್ ಮದರ್ ಲುಕ್ ಲೈಕ್?’ ಅವ್ವ ನೋಡೋಕೆ ಹೇಗಿದ್ದಾರೆ? ಉತ್ತರ: ‘ಶಿ ಈಸ್ ಶಾರ್ಟ್. ಶಿ ಹ್ಯಾಸ್ ಗ್ರೇ ಹೇರ್.’

‘ವಾಟ್ ಈಸ್ ಯುವರ್ ಮದರ್ ಲೈಕ್?’ ಅವ್ವನ ಸ್ವಭಾವ ಎಂಥದ್ದು? ಉತ್ತರ: ‘ಶಿ ಈಸ್ ಸ್ಟ್ರಿಕ್ಟ್, ಬಟ್ ಶಿ ಈಸ್ ವೆರಿ ಕೈಂಡ್.’

ಮೂರನೆಯದೇ ಕಷ್ಟದ್ದು. ಅದರಲ್ಲಿರುವ ‘ಲೈಕ್’ಗೆ ಇಷ್ಟ ಅನ್ನುವ ಅರ್ಥವೇ ಇಲ್ಲ. ‘ಎಂಥವರು’ ಅಂತ ಕೇಳುತ್ತಿದ್ದಾರೆ. ‘ಲೈಕ್’ ಹಿಂದೆ ‘ಡಸ್’ ಇದೆಯೋ ‘ಈಸ್’ ಇದೆಯೋ ಅಂತ ಕಿವಿಗೊಟ್ಟು ಕೇಳಿದರೆ ಗೊತ್ತಾಗುತ್ತದೆ. ‘ಈಸ್’ ಕೇಳಿಸಿದರೆ ಸ್ವಭಾವ. ‘ಹೌ ಈಸ್ ಯುವರ್ ಮದರ್?’ ಅಂದರೆ ಮಾತ್ರ ಆರೋಗ್ಯದ ವಿಚಾರ, ಅದಕ್ಕೆ ‘ಶಿ ಈಸ್ ಫೈನ್, ಥ್ಯಾಂಕ್ ಯು’.

ರೂಪ ಹೇಳುವಾಗ ಕೈ ಬಿಗಿ ಇರಲಿ

‘ಅಂವ ಕರಿಯ ಇದ್ದಾನ, ದಪ್ಪ ಇದ್ದಾನ, ನನ್ನ ಖಾಸ್ ದೋಸ್ತ’ ಅಂತ ಕನ್ನಡದಲ್ಲಿ ಸಲುಗೆಯಿಂದ ಅಂದುಬಿಡುತ್ತೇವೆ. ‘ಹಿ ಈಸ್ ಬ್ಲ್ಯಾಕ್’ ಅಂದರೆ ಇಂಗ್ಲಿಷಿನವರಿಗೆ ಆತ ಆಫ್ರಿಕಾ ಮೂಲದವನು ಅನ್ನುವ ಅರ್ಥ. ‘ಫ್ಯಾಟ್’ ಅಂದರೆ ಬೈದ ಹಾಗೆ. ‘ಹೆಲ್ದಿ’ ಅಂದರೆ ಅವರಿಗೆ ಆರೋಗ್ಯವಂತ, ದಪ್ಪ ಅಲ್ಲ. ವಧು ವರರ ಜಾಹೀರಾತಿನ ‘ವೀಟಿಶ್’ ನಮ್ಮ ದೇಶದ ಗಡಿ ದಾಟುವುದಿಲ್ಲ. ಅದೇ ಜಾಹೀರಾತಿನ ‘ಹೋಮ್ಲಿ’ ಇನ್ನೂ ಅಪಾಯ, ಅಮೆರಿಕದಲ್ಲಿ ಅದರ ಅರ್ಥ ನೋಡಲು ಚೆನ್ನಾಗಿಲ್ಲ ಅಂತ. ಎತ್ತರ, ಕೂದಲು, ಕನ್ನಡಕ, ಮೀಸೆ, ನಗು ಇಷ್ಟು ಹೇಳಿದರೆ ಯಾರಿಗೂ ನೋವಾಗುವುದಿಲ್ಲ. ‘ಹಿ ಈಸ್ ಟಾಲ್. ಹಿ ಹ್ಯಾಸ್ ಎ ಬಿಗ್ ಮುಸ್ಟಾಶ್. ಹಿ ವೇರ್ಸ್ ಗ್ಲಾಸಸ್.’

ಬಣ್ಣದ ಮಾತು ಸಂದರ್ಶನಕ್ಕೆ ಬೇಕಾಗುವುದೇ ಇಲ್ಲ, ನನ್ನನ್ನು ಕೇಳಿದರೆ ಕನ್ನಡದಲ್ಲೂ ಬೇಕಾಗಿಲ್ಲ.

ಒಬ್ಬ ಅವ್ವನನ್ನು ಕಟ್ಟುವುದು

ಗೈಡ್‌ಗಳಲ್ಲಿ ಸಿಗುವ ಸಾಲುಗಳು ಹೆಚ್ಚಾಗಿ ಹೀಗಿರುತ್ತವೆ: ‘ಮೈ ಮದರ್ ಈಸ್ ಎ ಹೌಸ್‌ವೈಫ್. ಶಿ ಈಸ್ ಕೈಂಡ್. ಐ ಲವ್ ಮೈ ಮದರ್.’ ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಇದು ಯಾರ ಅವ್ವ ಬೇಕಾದರೂ ಆಗಬಹುದು. ಇಳಕಲ್ಲಿನ ನೇಕಾರರ ಮನೆಯ ಹುಡುಗಿಯೊಬ್ಬಳು ಇದೇ ಎ1 ಮಟ್ಟದ ಇಂಗ್ಲಿಷಿನಲ್ಲಿ ಹೀಗೆ ಹೇಳಬಹುದು:

‘ಮೈ ಮದರ್ ಈಸ್ ಫಾರ್ಟಿ ಫೈವ್. ಶಿ ಈಸ್ ಶಾರ್ಟ್ ಅಂಡ್ ಥಿನ್. ಶಿ ವೀವ್ಸ್ ಇಳಕಲ್ ಸ್ಯಾರೀಸ್ ಅಟ್ ಹೋಮ್. ಶಿ ಗೆಟ್ಸ್ ಅಪ್ ಅಟ್ ಫೈವ್ ಓ ಕ್ಲಾಕ್. ಶಿ ಡಸ್ ನಾಟ್ ಟಾಕ್ ಮಚ್, ಬಟ್ ಶಿ ಸಿಂಗ್ಸ್ ವೆನ್ ಶಿ ವರ್ಕ್ಸ್. ಶಿ ಗಿವ್ಸ್ ಟೀ ಟು ಎವ್ರಿವನ್ ಹೂ ಕಮ್ಸ್ ಟು ಅವರ್ ಹೌಸ್.’

ಆರು ವಾಕ್ಯ. ಮೊದಲ ಎರಡರಲ್ಲಿ ‘ಈಸ್’, ಯಾಕೆಂದರೆ ವಯಸ್ಸು ಮತ್ತು ರೂಪ. ಉಳಿದ ನಾಲ್ಕರಲ್ಲಿ ಕೆಲಸದ ಪದಗಳು, ಅವಕ್ಕೆ ‘ಸ್’: ವೀವ್ಸ್, ಗೆಟ್ಸ್, ಸಿಂಗ್ಸ್, ಗಿವ್ಸ್. ‘ಡಸ್ ನಾಟ್’ ಬಂದ ಕಡೆ ಆ ‘ಸ್’ ‘ಡಸ್’ ಒಳಗೇ ಸೇರಿಕೊಂಡಿದೆ, ಅದಕ್ಕೇ ‘ಟಾಕ್ಸ್’ ಅಲ್ಲ, ‘ಟಾಕ್’. ‘ಕೈಂಡ್’ ಅನ್ನುವ ಪದ ಎಲ್ಲೂ ಇಲ್ಲ ನೋಡಿ. ಆದರೆ ಮನೆಗೆ ಬಂದವರಿಗೆಲ್ಲ ಚಹಾ ಕೊಡುವ ಹೆಂಗಸು ಎಂಥವರು ಅಂತ ಮತ್ತೆ ಹೇಳಬೇಕಾಗಿಲ್ಲ.

ಸಂದರ್ಶಕರು ಮುಂದಿನ ಪ್ರಶ್ನೆ ಕೇಳುವುದೂ ಇಂಥ ಸಾಲಿನಿಂದಲೇ. ಇಳಕಲ್ ಸೀರೆ ಅಂದರೇನು ಅಂತ ಕೇಳುತ್ತಾರೆ. ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುತ್ತಾರೆ ಅಂತ ಹುಡುಗಿಗೆ ಗೊತ್ತು. ಇಂಗ್ಲಿಷ್ ಅರ್ಧಂಬರ್ಧ ಇದ್ದರೂ ಕೈಯಲ್ಲಿ ತೋರಿಸಿ ಹೇಳಿಯಾಳು. ಬಾಯಿಪಾಠ ಮಾಡಿದವರಿಗೆ ಆ ದಾರಿ ಇಲ್ಲ.

ಗೆಳೆಯರ ಬಗ್ಗೆ

ಗೆಳೆತನಕ್ಕೆ ಪದಗಳು ಸುಲಭ. ಜೊತೆಗೆ ಓದಿದವರು ‘ಕ್ಲಾಸ್‌ಮೇಟ್’, ಪಕ್ಕದ ಮನೆಯವರು ‘ನೇಬರ್’, ಜೊತೆಗೆ ಕೆಲಸ ಮಾಡುವವರು ‘ಕಲೀಗ್’. ಖಾಸ್ ದೋಸ್ತ ‘ಬೆಸ್ಟ್ ಫ್ರೆಂಡ್’, ಅಷ್ಟೇ ಹತ್ತಿರದವರು ಹಲವರಿದ್ದರೆ ‘ಕ್ಲೋಸ್ ಫ್ರೆಂಡ್ಸ್’. ಹುಡುಗನೊಬ್ಬ ಗೆಳತಿಗೆ ‘ಗರ್ಲ್‌ಫ್ರೆಂಡ್’ ಅಂದರೆ ಪ್ರೀತಿಯ ಅರ್ಥ ಬಂದುಬಿಡುತ್ತದೆ. ಸುಮ್ನೆ ‘ಫ್ರೆಂಡ್’ ಅಂದರೆ ಗಂಡಿಗೂ ಆಯ್ತು, ಹೆಣ್ಣಿಗೂ ಆಯ್ತು.

ಎಷ್ಟು ವರ್ಷದ ಗೆಳೆತನ ಅಂತ ಹೇಳುವಾಗ ‘ಐ ನೋ ಹಿಮ್ ಸಿನ್ಸ್ ಟೆನ್ ಇಯರ್ಸ್’ ಅನ್ನುತ್ತೇವೆ. ಸರಿಯಾದದ್ದು ‘ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್’. ಇದು ಎ1ರವರಿಗೆ ಸ್ವಲ್ಪ ಭಾರ. ಕಷ್ಟ ಅನಿಸಿದರೆ ಪಕ್ಕದ ದಾರಿ ಇದೆ: ‘ವಿ ಮೆಟ್ ಇನ್ 2015’. ಅಥವಾ ‘ವಿ ವೆಂಟ್ ಟು ದ ಸೇಮ್ ಸ್ಕೂಲ್’. ಆಮೇಲೆ ಇಬ್ಬರೂ ಸೇರಿ ಏನು ಮಾಡುತ್ತೀರಿ ಅಂತ ಒಂದು ಮಾತು: ‘ಆನ್ ಸಂಡೇಸ್ ವಿ ಪ್ಲೇ ಕ್ರಿಕೆಟ್’, ‘ಹಿ ಹೆಲ್ಪ್ಸ್ ಮಿ ಇನ್ ದ ಫೀಲ್ಡ್’.

ತಿರುಗಿ ಕೇಳುವಾಗ

ನಿಮ್ಮದು ಹೇಳಿ ಮುಗಿದ ಮೇಲೆ ‘ವಾಟ್ ಅಬೌಟ್ ಯು?’ ಅಂತ ಒಂದು ಮಾತು ಹಾಕಿದರೆ ಎದುರಿನವರಿಗೂ ಖುಷಿ, ನಿಮಗೂ ಉಸಿರು ಬಿಡಲು ಪುರುಸೊತ್ತು. ಸಂದರ್ಶನದಲ್ಲಿ ಇದು ಬೇಡ, ಪ್ರವಾಸಿಗರ ಜೊತೆ, ಸಹೋದ್ಯೋಗಿಗಳ ಜೊತೆ ಸರಿ. ‘ಡು ಯು ಹ್ಯಾವ್ ಎನಿ ಬ್ರದರ್ಸ್ ಆರ್ ಸಿಸ್ಟರ್ಸ್?’ ಅಂತಲೂ ಕೇಳಬಹುದು. ಆದರೆ ಬಸ್ಸಿನಲ್ಲಿ ಪಕ್ಕ ಕೂತವರನ್ನು ನಾವು ಕೇಳುವ ಹಾಗೆ ಪಗಾರ ಎಷ್ಟು, ಮದುವೆ ಯಾಕೆ ಆಗಿಲ್ಲ, ಮಕ್ಕಳು ಯಾಕಿಲ್ಲ ಅಂತ ಹೊರದೇಶದವರನ್ನು ಕೇಳಿದರೆ ಅವರಿಗೆ ಇರುಸುಮುರುಸು.

ಅವರು ಮನೆಮಂದಿಯ ಲೆಕ್ಕದಲ್ಲಿ ನಾಯಿಯ ಹೆಸರನ್ನೂ ಸೇರಿಸಿದರೆ ನಗಬೇಡಿ. ಅಲ್ಲಿ ಹಾಗೆ ಹೇಳುವವರು ಬಹಳ. ‘ಶಿ ಈಸ್ ಪಾರ್ಟ್ ಆಫ್ ದ ಫ್ಯಾಮಿಲಿ’ ಅನ್ನುತ್ತಾರೆ, ನಾಯಿಗೂ ‘ಇಟ್’ ಅನ್ನದೆ ‘ಹಿ’, ‘ಶಿ’ ಅಂತಲೇ ಕರೆಯುತ್ತಾರೆ. ಮುಧೋಳ ನಾಯಿ ಸಾಕಿದವರಿಗೆ ಇಲ್ಲಿ ಮಾತು ಬೆಳೆಸಲು ಒಳ್ಳೆಯ ಅವಕಾಶ: ‘ವಿ ಹ್ಯಾವ್ ಎ ಡಾಗ್ ಟೂ. ಹಿ ಈಸ್ ಎ ಮುಧೋಳ್ ಹೌಂಡ್. ಹಿ ಈಸ್ ಥಿನ್, ಬಟ್ ಹಿ ರನ್ಸ್ ವೆರಿ ಫಾಸ್ಟ್.’